ಕೋಟಿನ ಅರ್ಧ ಕೆಲಸ ಇಸ್ತ್ರಿ ಪೆಟ್ಟಿಗೆಯದು

ನಮ್ಮ ಮಾವನವರದ್ದು ಒಂದು ಕರಿ ಕೋಟು ಇತ್ತು. ಕಚ್ಚೆ ಪಂಚೆ, ಮೇಲೆ ಆ ಕೋಟು, ತಲೆಗೆ ಪೇಟ. ಮದುವೆ ಮುಂಜಿಗೆ ಹೊರಟರೆ ಅದೇ ಅವರ ಉಡುಪು. ಅವರು ಹೋದ ಮೇಲೆ ಕೋಟು ಟ್ರಂಕಿನಲ್ಲೇ ಉಳಿಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬ್ಲೇಡು ತಗೊಂಡು ಅದರ ಲೈನಿಂಗನ್ನು ಒಂದು ಕಡೆ ಬಿಚ್ಚಿದೆ. ಕದ್ದು ಮಾಡಿದ ಕೆಲಸವೇ, ಒಪ್ಪಿಕೊಳ್ಳುತ್ತೇನೆ. ಒಳಗೆ ಎದೆ ಭಾಗಕ್ಕೆ ಗಡುಸು ಕ್ಯಾನ್ವಾಸು, ಅದನ್ನು ಉಣ್ಣೆ ಬಟ್ಟೆಗೆ ಹಿಡಿದಿಟ್ಟ ನೂರಾರು ಸಣ್ಣ ಕೈಹೊಲಿಗೆ. ಮೆಶಿನ್ ಹೊಲಿಗೆಯನ್ನು ಹುಡುಕಬೇಕಾಯಿತು. ಟೈಲರಿಂಗ್ ಕ್ಲಾಸಿನಲ್ಲಿ ಎರಡು ವರ್ಷ ಕಲಿತದ್ದಕ್ಕಿಂತ ಜಾಸ್ತಿ ಆ ಒಂದು ಗಂಟೆಯಲ್ಲಿ ಕಲಿತೆ.

ಆಮೇಲೆ ಮನೆಯವರಿಗೆ, ಮಗನಿಗೆ, ನನಗೆ ಅಂತ ಕೆಲವು ಕೋಟು ಹೊಲಿದೆ. ಈಗ ಮೊಮ್ಮಗಳು ಓದಲಿಕ್ಕೆ ಜರ್ಮನಿಗೆ ಹೊರಟಿದ್ದಾಳೆ. “ಅಜ್ಜಿ, ಅಂಗಡಿಯದ್ದು ಬೇಡ, ನೀನೇ ಹೊಲಿದುಕೊಡು” ಅಂದಳು. ಆಗಲಿ ಅಂದೆ. ಅವಳ ಗೆಳತಿಯರೂ ಕೇಳುತ್ತಿದ್ದಾರೆ, ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ಬೆಂಗಳೂರಿಗೆ ಕೋಟು ಯಾಕೆ ಅಂತ ನಗಬೇಡಿ. 1884ರ ಜನವರಿ 13ರಂದು ಈ ಊರಿನಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಅದೇ ವರ್ಷ ಇಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಮಿಲ್ಲು ಶುರುವಾಯಿತು. ಆಮೇಲೆ ಅದೇ ಬಿನ್ನಿ ಮಿಲ್ಲು ಅಂತ ಹೆಸರಾದದ್ದು. ಈಗ ಚಳಿಗಾಲದ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ. ಅದಕ್ಕೆ ತೆಳು ಉಣ್ಣೆಯ ಒಂದು ಕೋಟು ಸಾಕು. ಜರ್ಮನಿಯ ಚಳಿಗೆ ದಪ್ಪ ಬಟ್ಟೆ ಬೇಕು, ಜೊತೆಗೆ ಉಣ್ಣೆಗೂ ಲೈನಿಂಗಿಗೂ ನಡುವೆ ಒಂದು ಪದರ ಫ್ಲ್ಯಾನೆಲ್ ಬೇಕು. ಹೊಲಿಯುವ ಕ್ರಮ ಎರಡಕ್ಕೂ ಒಂದೇ.

ಬಟ್ಟೆಗೆ ನಾನು ಚಿಕ್ಕಪೇಟೆ, ಅವೆನ್ಯೂ ರೋಡು ಸುತ್ತುತ್ತೇನೆ. ಕಾಲು ನೋಯುವ ದಿನ ಆಟೋ ಹಿಡಿದು ಕಮರ್ಷಿಯಲ್ ಸ್ಟ್ರೀಟು. ಸೂಟಿಂಗ್ ಬಟ್ಟೆ ಬೇರೆ, ಕೋಟಿಂಗ್ ಬಟ್ಟೆ ಬೇರೆ, ಕೇಳಿ ತಗೊಳ್ಳಿ. “ಪ್ಯೂರ್ ವುಲ್ಲು ಅಮ್ಮಾ” ಅಂತ ಅಂಗಡಿಯವನು ಹೇಳಿದರೆ ತುದಿಯಿಂದ ನಾಲ್ಕು ಎಳೆ ಕೇಳಿ, ಮನೆಗೆ ತಂದು ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಸ್ವಲ್ಪ ಮಿಶ್ರಣ ಇದ್ದರೆ ತಪ್ಪಿಲ್ಲ. ಪೂರ್ತಿ ಪಾಲಿಯೆಸ್ಟರ್ ಮಾತ್ರ ಬೇಡ. ಅದು ಇಸ್ತ್ರಿಯ ಮಾತು ಕೇಳುವುದಿಲ್ಲ. ಉಣ್ಣೆ ಹಾಗಲ್ಲ, ಹಬೆ ಕೊಟ್ಟರೆ ಕುಗ್ಗು ಅಂದಲ್ಲಿ ಕುಗ್ಗುತ್ತದೆ, ಬಾಗು ಅಂದಲ್ಲಿ ಬಾಗುತ್ತದೆ.

ಮಂಡಿಯವರೆಗಿನ ಕೋಟಿಗೆ 58-60 ಇಂಚು ಅಗಲದ ಬಟ್ಟೆ ಎರಡೂವರೆಯಿಂದ ಮೂರು ಮೀಟರು ಹಿಡಿಯುತ್ತದೆ. ಚೌಕಳಿ ಇದ್ದರೆ ಇನ್ನೂ ಅರ್ಧ ಮೀಟರು. ಮೊದಲ ಕೋಟಿಗೆ ಚೌಕಳಿ ತಗೊಳ್ಳಲೇಬೇಡಿ, ಜೇಬಿನ ಗೆರೆ ಕೂಡಿಸುವುದರಲ್ಲೇ ಅಳು ಬರುತ್ತದೆ. ಸ್ವಲ್ಪ ಜುಂಗು, ಅಂದರೆ ಮೇಲೆ ಮೆತ್ತನೆ ರೋಮ, ಇರುವ ಗಾಢ ಬಣ್ಣದ ಬಟ್ಟೆ ಕಲಿಯುವವರಿಗೆ ಒಳ್ಳೆಯದು. ಸಣ್ಣಪುಟ್ಟ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ.

ತಂದ ಬಟ್ಟೆಗೆ ಆತುರದಿಂದ ಕತ್ತರಿ ಹಾಕಬೇಡಿ. ಮೊದಲು ಅದು ಎಷ್ಟು ಕುಗ್ಗುತ್ತದೋ ಅಷ್ಟು ಕುಗ್ಗಲಿ. ಹತ್ತಿ ಬೆಡ್‌ಶೀಟು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಅದರ ಮೇಲೆ ಉಣ್ಣೆ ಬಟ್ಟೆ ಹರಡಿ, ಎರಡನ್ನೂ ಒಟ್ಟಿಗೆ ಚಾಪೆಯ ಹಾಗೆ ಸುರುಳಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಬಿಚ್ಚಿ ನೆರಳಿನಲ್ಲಿ ಸಮವಾಗಿ ಹರಡಿ ಒಣಗಿಸಿ. ತಂತಿಗೆ ನೇತು ಹಾಕಿದರೆ ಭಾರಕ್ಕೆ ಜಗ್ಗುತ್ತದೆ. ವಾಷಿಂಗ್ ಮೆಶಿನ್ನಿನ ಹತ್ತಿರ ಅದನ್ನು ಒಯ್ಯಲೇಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆ ಇರುತ್ತದೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಾಗುತ್ತದೆ.

ಅಳತೆಯನ್ನು ಸ್ವೆಟರ್ ಹಾಕಿಸಿಯೇ ತಗೊಳ್ಳಿ. ಎದೆಯ ಸುತ್ತಳತೆಗೆ ಐದಾರು ಇಂಚು ಸಡಿಲ ಬಿಡಬೇಕು. ತೋಳಿನ ಉದ್ದವನ್ನು ಮೊಣಕೈ ಮಡಚಿಸಿ ಅಳೆಯಿರಿ. ಕೈ ನೇರ ಇಟ್ಟು ಅಳೆದ ಕೋಟು ಬಸ್ಸಿನ ಕಂಬಿ ಹಿಡಿದರೆ ಮುಂಗೈಯಿಂದ ಮೇಲಕ್ಕೆ ಓಡುತ್ತದೆ. ಆಮೇಲೆ ಹಳೆ ಬಟ್ಟೆಯಲ್ಲಿ ಒಂದು ಟ್ರಯಲ್ ಹೊಲಿಯಿರಿ. ಎಲ್ಲರೂ ಬೆಡ್‌ಶೀಟಿನಲ್ಲಿ ಹೊಲಿ ಅನ್ನುತ್ತಾರೆ. ನಾನು ಸವೆದ ಬ್ಲ್ಯಾಂಕೆಟ್ಟಿನಲ್ಲಿ ಹೊಲಿಯುತ್ತೇನೆ. ತೆಳು ಬಟ್ಟೆಯಲ್ಲಿ ಸರಿ ಬಂದ ಕೋಟು ದಪ್ಪ ಬಟ್ಟೆಯಲ್ಲಿ ಕಂಕುಳು ಹಿಡಿಯುತ್ತದೆ.

ಕತ್ತರಿಸುವಾಗ ಬಟ್ಟೆಯ ಜುಂಗು ಎಲ್ಲ ಭಾಗಕ್ಕೂ ಕೆಳಮುಖವಾಗಿರಲಿ. ಇಲ್ಲದಿದ್ದರೆ ಬೆಳಕಿಗೆ ನಿಂತಾಗ ಒಂದು ತುಂಡು ಬೇರೆಯೇ ಬಣ್ಣ ಕಾಣುತ್ತದೆ. ದಪ್ಪ ಬಟ್ಟೆಯನ್ನು ಎರಡು ಪದರ ಮಡಚಿ ಕತ್ತರಿಸಿದರೆ ಕೆಳಗಿನದು ಜಾರುತ್ತದೆ, ಒಂದೊಂದೇ ಪದರ ಕತ್ತರಿಸಿ. ಆದರೆ ಎರಡನೇ ತುಂಡಿಗೆ ಪೇಪರ್ ಪ್ಯಾಟರ್ನನ್ನು ಮಗುಚಿ ಇಡಬೇಕು. ನಾನು ಒಮ್ಮೆ ಮಗುಚದೆ ಇಟ್ಟು ಎರಡೂ ಬಲಗೈ ತೋಳು ಕತ್ತರಿಸಿದ್ದೆ. ಮನೆಯವರಿಗೆ ಹೇಳದೆ ಇನ್ನೊಂದು ಮುಕ್ಕಾಲು ಮೀಟರಿಗೆ ಪೇಟೆಗೆ ಹೋದರೆ ಆ ಬಣ್ಣ ಮುಗಿದುಹೋಗಿತ್ತು. ಕೊನೆಗೆ ಆ ಕೋಟು ತೋಳಿಲ್ಲದ ಜಾಕೆಟ್ ಆಯಿತು.

ಮೆಶಿನ್ ಬಗ್ಗೆ ಹೇಳುವುದು ಸ್ವಲ್ಪವೇ. ಹದಿನಾರನೇ ನಂಬರ್ ಸೂಜಿ, ಉದ್ದ ಹೊಲಿಗೆ, ಇಂಚಿಗೆ ಎಂಟೊಂಬತ್ತು. ಹಳೆ ಕಾಲ್ತುಳಿ ಮೆಶಿನ್ ಇದ್ದರೆ ಅದೇ ರಾಜ. ದಪ್ಪದ ಮೇಲೆ ಹತ್ತುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಗುಂಡುಸೂಜಿ ದಪ್ಪ ಉಣ್ಣೆಯಲ್ಲಿ ಮುಳುಗಿ ಕಾಣದಾಗುತ್ತದೆ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಳ್ಳಿ.

ಈಗ ಇಸ್ತ್ರಿ. ಮನೆಯಲ್ಲಿ ಹೊಲಿದ ಕೋಟು ಮನೆಯಲ್ಲಿ ಹೊಲಿದ ಹಾಗೇ ಕಾಣುತ್ತದಲ್ಲ, ಅದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇಸ್ತ್ರಿಯ ಸೋಮಾರಿತನವೇ ಕಾರಣ. ಹೊಲಿಗೆ ಎಲ್ಲ ಮುಗಿದ ಮೇಲೆ ಒಂದೇ ಸಲ ಇಸ್ತ್ರಿ ಮಾಡೋಣ ಅಂದುಕೊಂಡರೆ ಕೆಟ್ಟಿತು. ಒಂದು ಹೊಲಿಗೆ ಹಾಕಿದಿರಾ, ಎದ್ದು ಹೋಗಿ ಅದನ್ನು ಬಿಡಿಸಿ ಒತ್ತಿ ಬನ್ನಿ. ಒತ್ತದ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಯಬಾರದು. ನನ್ನ ಲೆಕ್ಕದಲ್ಲಿ ಮೆಶಿನ್ ಮುಂದೆ ಒಂದು ಗಂಟೆ ಕೂತರೆ ಇಸ್ತ್ರಿ ಮೇಜಿನ ಮುಂದೆ ಎರಡು ಗಂಟೆ ನಿಲ್ಲಬೇಕು. ಮಂಡಿ ನೋವಿರುವವರು ಸ್ಟೂಲು ಹಾಕಿಕೊಳ್ಳಿ.

ಸೀರೆಗೆ ಉಜ್ಜಿದ ಹಾಗೆ ಇಲ್ಲಿ ಉಜ್ಜಬಾರದು. ಪೆಟ್ಟಿಗೆ ಇಡಿ, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಉಜ್ಜಿದರೆ ಬಟ್ಟೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಪೆಟ್ಟಿಗೆಗೂ ಉಣ್ಣೆಗೂ ಮಧ್ಯೆ ಯಾವಾಗಲೂ ಒಂದು ಒದ್ದೆ ಬಟ್ಟೆ ಬೇಕು. ಹತ್ತಾರು ಸಲ ಒಗೆದು ಮೆತ್ತಗಾದ ಹಳೆ ಪಂಚೆಗಿಂತ ಒಳ್ಳೆಯದು ಇದಕ್ಕೆ ಇನ್ನೊಂದಿಲ್ಲ. ಗಂಜಿ ಹಾಕಿದ್ದಿರಬಾರದು ಅಷ್ಟೇ. ನೇರವಾಗಿ ಪೆಟ್ಟಿಗೆ ಇಟ್ಟರೆ ಉಣ್ಣೆ ಹೊಳಪು ಬರುತ್ತದೆ, ಆ ಹೊಳಪು ಆಮೇಲೆ ಹೋಗುವುದು ಕಷ್ಟ. ಮೇಜಿನ ಮೇಲೆ ನಾನು ಹಳೆ ಕುರಿ ಕಂಬಳಿ ನಾಲ್ಕು ಮಡಿಕೆ ಹಾಕಿ, ಅದರ ಮೇಲೆ ಹತ್ತಿ ಬಟ್ಟೆ ಹಾಸುತ್ತೇನೆ. ಕಂಬಳಿ ಹಬೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒತ್ತಿದ ಮೇಲೆ ಬಟ್ಟೆ ಪೂರ್ತಿ ಆರುವ ತನಕ ಎತ್ತಬೇಡಿ. ಬಿಸಿಯಲ್ಲಿ ಎತ್ತಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಎದೆ, ಸೊಂಟ, ಭುಜ ಯಾವುದೂ ಚಪ್ಪಟೆಯಲ್ಲವಲ್ಲ, ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ಕೋಟೂ ಚಪ್ಪಟೆಯೇ ಆಗುತ್ತದೆ. ಅದಕ್ಕೆ ಒಂದು ಗಟ್ಟಿ ದಿಂಬು ಮಾಡಿಕೊಳ್ಳಿ. ದೊಡ್ಡ ಪರಂಗಿ ಹಣ್ಣಿನ ಆಕಾರಕ್ಕೆ ಚೀಲ ಹೊಲಿದು, ಒಂದು ಮಗ್ಗುಲಿಗೆ ಹತ್ತಿ ಬಟ್ಟೆ, ಇನ್ನೊಂದು ಮಗ್ಗುಲಿಗೆ ಉಣ್ಣೆ ಬಟ್ಟೆ ಹಾಕಿ. ಒಳಗೆ ಮರದ ಹೊಟ್ಟು. ನಾನು ಮೈಸೂರು ರಸ್ತೆಯ ಟಿಂಬರ್ ಯಾರ್ಡಿನ ಕಡೆಯಿಂದ ತರಿಸಿದ್ದೆ. ಈಗ ಯಾವ ಬಡಗಿಯನ್ನು ಕೇಳಿದರೂ ಕೊಡುತ್ತಾನೆ. ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಕಲ್ಲಿನ ಹಾಗೆ ಆಗುವ ತನಕ ಕುಟ್ಟಿ ಕುಟ್ಟಿ ತುಂಬಿ. ಡಾರ್ಟು (ಬಟ್ಟೆ ಮೈಗೆ ಹೊಂದಲು ಹೊಲಿಯುವ ಚೂಪು ಮಡಿಕೆ), ಎದೆಯ ಹೊಲಿಗೆ ಎಲ್ಲ ಇದರ ಮೇಲೆ ಒತ್ತಿ. ತೋಳಿನೊಳಗಿನ ಹೊಲಿಗೆಗೆ ಲಟ್ಟಣಿಗೆಗೆ ಉಣ್ಣೆ ತುಂಡು ಸುತ್ತಿ ಒಳಗೆ ತೂರಿಸಿ. ಕಾಲರಿನ ಅಂಚು ದಪ್ಪಗಿದ್ದರೆ, ಹಬೆ ಕೊಟ್ಟ ಕೂಡಲೇ ಚಪಾತಿ ಮಣೆ ಮಗುಚಿ ಮೇಲಿಟ್ಟು ಕೈಯಿಂದ ಒತ್ತಿ ಹಿಡಿಯಿರಿ. ಒಣ ಮರ ಹಬೆಯನ್ನು ಹೀರಿಕೊಂಡು ಅಂಚು ಕತ್ತಿಯ ಹಾಗೆ ಕೂರುತ್ತದೆ. ಸೊಸೆ ಆ ಮಣೆಯನ್ನು ನನಗೇ ಬಿಟ್ಟುಕೊಟ್ಟು ಹೊಸದು ತಂದಳು.

ಎದೆ ಭಾಗ ಗಡುಸಾಗಲು ಒಳಗೆ ಕ್ಯಾನ್ವಾಸು ಹಾಕುವುದಾ, ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಫ್ಯೂಸಿಂಗ್ ಬಟ್ಟೆಯಾ ಅಂತ ಕೇಳುತ್ತಾರೆ. ಫ್ಯೂಸಿಂಗ್ ಸುಲಭ, ಸುಳ್ಳಲ್ಲ. ಆದರೆ ಒಂದು ಅಂಗಡಿಯಲ್ಲಿ ಕೊಟ್ಟ ಅಗ್ಗದ ಫ್ಯೂಸಿಂಗ್ ನಂಬಿ ಮಗನ ಕೋಟು ಹೊಲಿದೆ, ಎರಡನೇ ಡ್ರೈಕ್ಲೀನಿಂಗಿಗೆ ಎದೆಯ ಮೇಲೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಹಾಕುವುದಾದರೆ ಮೊದಲು ಚೂರು ಬಟ್ಟೆಗೆ ಅಂಟಿಸಿ, ಹಬೆ ಕೊಟ್ಟು, ಕೈಯಲ್ಲಿ ಮುದುರಿ ನೋಡಿ. ಬಿಟ್ಟುಕೊಂಡರೆ ಆ ಫ್ಯೂಸಿಂಗ್ ಬೇಡ.

ಕ್ಯಾನ್ವಾಸಿಗೆ ತಾಳ್ಮೆ ಬೇಕು. ಅದನ್ನೂ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಎದೆ ಭಾಗಕ್ಕೆ ಉದ್ದುದ್ದ ಸಡಿಲ ಹೊಲಿಗೆ ಸಾಕು. ಲ್ಯಾಪೆಲ್ ಅಂದರೆ ಎದೆಯ ಮೇಲೆ ಹೊರಕ್ಕೆ ಮಡಚಿಕೊಳ್ಳುವ ಭಾಗ. ಅಲ್ಲಿ ಮಾತ್ರ ಅರ್ಧ ಇಂಚಿಗಿಂತ ಚಿಕ್ಕ ಓರೆ ಹೊಲಿಗೆ ಒತ್ತೊತ್ತಾಗಿ ಬರಬೇಕು. ಹೊಲಿಯುವಾಗ ಲ್ಯಾಪೆಲ್ಲನ್ನು ಎಡಗೈ ತೋರುಬೆರಳ ಮೇಲೆ ಬಗ್ಗಿಸಿ ಹಿಡಿದುಕೊಳ್ಳಿ. ಆ ಬಾಗು ಹೊಲಿಗೆಯೊಳಗೇ ಸೇರಿಕೊಳ್ಳುತ್ತದೆ, ಮುಂದೆ ನೀವು ಇಸ್ತ್ರಿ ಮಾಡದಿದ್ದರೂ ಅದು ತಾನಾಗಿ ಮಡಚಿಕೊಳ್ಳುತ್ತದೆ. ಸೂಜಿ ಹೊರ ಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಹಿಡಿಯಲಿ, ಆಚೆಗೆ ಕಾಣಬಾರದು. ಒಂದು ಲ್ಯಾಪೆಲ್ಲಿಗೆ ನನಗೆ ಒಂದು ಸಂಜೆ ಬೇಕು. ಕಾಲರಿನ ಕೆಳ ತುಂಡನ್ನು ಕ್ರಾಸ್, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ, ಕತ್ತರಿಸಿ, ಮೇಲಿನದಕ್ಕಿಂತ ಒಂದು ದಾರದಷ್ಟು ಚಿಕ್ಕದಿರಲಿ. ಸಮ ಇದ್ದರೆ ಕೆಳಗಿನದು ಹೊರಗೆ ಇಣುಕುತ್ತದೆ, ಕಾಲರಿನ ತುದಿ ಮೇಲಕ್ಕೆ ಚಿಮ್ಮುತ್ತದೆ.

ಇನ್ನು ತೋಳು ಕೂರಿಸುವುದು. ಎಲ್ಲರೂ ಹೆದರುವ ಜಾಗ. ತೋಳಿನ ಮೇಲಿನ ದುಂಡು ಭಾಗ ಕಂಕುಳಿನ ಸುತ್ತಳತೆಗಿಂತ ಒಂದರಿಂದ ಒಂದೂವರೆ ಇಂಚು ಜಾಸ್ತಿಯೇ ಇರುತ್ತದೆ. ಕತ್ತರಿಸಿದ್ದು ತಪ್ಪಾಯಿತು ಅಂದುಕೊಂಡು ಅದನ್ನು ಕತ್ತರಿಸಿ ಹಾಕಬೇಡಿ! ಆ ಹೆಚ್ಚಿನ ಬಟ್ಟೆ ಇರುವುದರಿಂದಲೇ ತೋಳು ಭುಜದ ದುಂಡಿಗೆ ಸರಿಯಾಗಿ ಕೂರುವುದು. ದುಂಡು ಭಾಗಕ್ಕೆ ಎರಡು ಸಾಲು ಉದ್ದ ಹೊಲಿಗೆ ಹಾಕಿ, ದಾರವನ್ನು ಸ್ವಲ್ಪವೇ ಎಳೆಯಿರಿ. ಅದು ಬಟ್ಟಲಿನ ಹಾಗೆ ಬಗ್ಗುತ್ತದೆ. ಈಗ ಪರಂಗಿ ದಿಂಬಿನ ಮೇಲೆ ಇಟ್ಟು ಹಬೆ ಕೊಡಿ. ನೆರಿಗೆಯ ಹಾಗೆ ಕಾಣುತ್ತಿದ್ದದ್ದು ನಿಮ್ಮ ಕಣ್ಣೆದುರಿಗೇ ಕುಗ್ಗಿ ನುಣ್ಣಗಾಗುತ್ತದೆ. ಎಷ್ಟು ಸಲ ಮಾಡಿದ್ದರೂ ಇದನ್ನು ನೋಡಿದಾಗ ನನಗೆ ಖುಷಿಯೇ. ಆಮೇಲೆ ಕಚ್ಚಾ ಹೊಲಿಗೆಯಲ್ಲಿ ತೋಳು ಸೇರಿಸಿ, ಹಾಕಿಸಿ ನೋಡಿ. ಕೈ ಇಳಿಬಿಟ್ಟು ನಿಂತಾಗ ತೋಳಿನ ಮೇಲೆ ಓರೆ ಗೆರೆ ಬಿದ್ದರೆ ಬಿಚ್ಚಿ, ತೋಳನ್ನು ಕಾಲು ಇಂಚು ಮುಂದಕ್ಕೋ ಹಿಂದಕ್ಕೋ ತಿರುಗಿಸಿ ಮತ್ತೆ ಹಾಕಿ. ನಾನು ಮೂರು ಸಲ ಬಿಚ್ಚಿದ್ದೂ ಉಂಟು. ಅದು ಸರಿ ಬಂದ ಮೇಲೆಯೇ ಮೆಶಿನ್ನಿಗೆ.

ಲೈನಿಂಗು ಜಾರುವಂಥದ್ದಿರಲಿ, ಸ್ವೆಟರ್ ಮೇಲೆ ಕೋಟು ಸಲೀಸಾಗಿ ಏರಬೇಕು. ಬೆನ್ನಿನ ನಡುವೆ ಒಂದು ಇಂಚಿನ ಮಡಿಕೆ ಬಿಡಿ. ಬಿಡದಿದ್ದರೆ ಒಮ್ಮೆ ಬಗ್ಗಿ ಬೂಟು ಹಾಕಿಕೊಂಡರೆ ಲೈನಿಂಗು ಹರಿಯುತ್ತದೆ.

ಕಾಜಾ ಕೈಯಲ್ಲಿ ಮಾಡಿದರೆ ಚೆಂದ. ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಿಕ್ಕಾಗುವುದಿಲ್ಲ. ಆದರೆ ನನಗೀಗ ಕಣ್ಣು ಅಷ್ಟು ಸೂಕ್ಷ್ಮವಿಲ್ಲ, ಕಾಜಾ ಹಾಕುವ ಅಂಗಡಿಗೆ ಕೊಡುತ್ತೇನೆ. ಅದರಲ್ಲಿ ಏನೂ ನಾಚಿಕೆಯಿಲ್ಲ. ಅದೇ ಬಟ್ಟೆಯ ಚೂರಿನ ಮೇಲೆ ಮೊದಲು ಒಂದು ಹಾಕಿಸಿ, ನಿಮ್ಮ ಗುಂಡಿ ತೂರಿಸಿ ನೋಡಿ, ಆಮೇಲೆ ಕೋಟು ಕೊಡಿ. ಗುಂಡಿ ಹೊಲಿಯುವಾಗ ಅದರ ಮೇಲೆ ಎರಡು ಬೆಂಕಿಕಡ್ಡಿ ಅಡ್ಡ ಇಟ್ಟು, ಕಡ್ಡಿಯ ಮೇಲಿಂದ ದಾರ ಹಾಯಿಸಿ. ಕಡ್ಡಿ ತೆಗೆದರೆ ದಾರ ಸಡಿಲಾಗುತ್ತದೆ. ಆ ಸಡಿಲನ್ನು ಗುಂಡಿಯ ಕೆಳಗೆ ಬಿಗಿಯಾಗಿ ಸುತ್ತಿ ಕಾಲಿನ ಹಾಗೆ ಮಾಡಿ. ಇಲ್ಲದಿದ್ದರೆ ದಪ್ಪ ಬಟ್ಟೆ ಗುಂಡಿಯ ಕೆಳಗೆ ಹಿಡಿಸದೆ ಸುಕ್ಕಾಗುತ್ತದೆ. ಒಳಬದಿಗೆ ಶರ್ಟಿನದ್ದೊಂದು ಚಿಕ್ಕ ಗುಂಡಿ ಸೇರಿಸಿ ಹೊಲಿದರೆ ಬಟ್ಟೆ ಕಿತ್ತು ಬರುವುದಿಲ್ಲ.

ಕೆಳ ಅಂಚು ಮಡಚುವ ಮೊದಲು ಕೋಟನ್ನು ಎರಡು ದಿನ ಹ್ಯಾಂಗರಿಗೆ ತೂಗುಹಾಕಿ. ಎಲ್ಲಿ ಜಗ್ಗಬೇಕೋ ಜಗ್ಗಲಿ, ಆಮೇಲೆ ನೆಲದಿಂದ ಸ್ಕೇಲು ಹಿಡಿದು ಅಳೆದು ಮಡಚಿ.

ಕಡಲೆಕಾಯಿ ಪರಿಷೆಯಿಂದ ಸಂಕ್ರಾಂತಿಯವರೆಗೆ ಹಾಕಿಕೊಂಡ ಕೋಟನ್ನು ಹಾಗೇ ಬೀರುವಿಗೆ ತುರುಕಬೇಡಿ. ಬೆವರು, ಎಣ್ಣೆ, ಊಟದ ಕಲೆ ಇದ್ದ ಉಣ್ಣೆಯೆಂದರೆ ನುಸಿಗೆ ಹಬ್ಬ. ಹಾರುವ ಹುಳ ಬಟ್ಟೆ ತಿನ್ನುವುದಿಲ್ಲ, ಅದು ಇಟ್ಟ ಮೊಟ್ಟೆಯಿಂದ ಬರುವ ಮರಿ ತಿನ್ನುತ್ತದೆ. ಬ್ರಷ್ಷಿನಿಂದ ಕಾಲರಿನ ಕೆಳಗೆ, ಜೇಬಿನ ಮೂಲೆಯಲ್ಲಿ ಚೆನ್ನಾಗಿ ತೀಡಿ, ಒಂದು ದಿನ ಗಾಳಿಗೆ ಹಾಕಿ, ಹಳೆ ಹತ್ತಿ ಸೀರೆಯಲ್ಲಿ ಸುತ್ತಿಡಿ. ಒಣಗಿದ ಬೇವಿನೆಲೆ ನಾನೂ ಇಡುತ್ತೇನೆ, ಅದೊಂದನ್ನೇ ನಂಬಿ ಕೂರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಕೊಡವುತ್ತೇನೆ. ನುಸಿಗುಳಿಗೆ ಇಡುವುದಾದರೆ ಕಾಗದದಲ್ಲಿ ಕಟ್ಟಿ, ಬಟ್ಟೆಗೆ ತಾಗದ ಹಾಗೆ ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.