ಅಕ್ರಮ ವಲಸೆ ಬಗ್ಗೆ ಸಮೀಕ್ಷೆ ಬಂದಾಗ ಪರ್ಸೆಂಟ್ ಆಮೇಲೆ, ಮೊದಲು ಪ್ರಶ್ನೆ ನೋಡಿ

"ಅಮೆರಿಕದ ಜನ ಗಡೀಪಾರಿನ ಪರ" ಅಂತ ಒಂದು ಹೆಡ್‌ಲೈನ್ ಬರುತ್ತದೆ. ಅದೇ ವಾರ ಇನ್ನೊಂದು ಕಡೆ "ಅಮೆರಿಕದ ಜನ ವಲಸಿಗರ ಪರ" ಅಂತ ಬರುತ್ತದೆ. ಯಾವುದೋ ಒಂದು ಸುಳ್ಳು ಅಂತ ಜಗಳ ಶುರು. ಆದರೆ ಬಹಳ ಸಲ ಎರಡೂ ನಿಜವೇ ಇರುತ್ತದೆ. ಅದು ಹೇಗೆ ಅಂತ ಗೊತ್ತಾದರೆ ಇಂಥ ಸಮೀಕ್ಷೆಗಳನ್ನು ಓದುವುದು ಸುಲಭ.

ಗ್ಯಾಲಪ್ ಸಂಸ್ಥೆ 2024ರಲ್ಲಿ ಮಾಡಿದ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ಅಕ್ರಮವಾಗಿ ಇರುವ ಎಲ್ಲರನ್ನೂ ಅವರ ದೇಶಕ್ಕೆ ವಾಪಸ್ ಕಳಿಸಬೇಕಾ ಅಂತ ಕೇಳಿದಾಗ ಶೇ. 47 ಜನ ಹೂಂ ಅಂದರು. ಅದೇ ಸಮೀಕ್ಷೆಯಲ್ಲಿ, ಕೆಲವು ಷರತ್ತು ಪೂರೈಸಿದರೆ ಇದೇ ವಲಸಿಗರಿಗೆ ಪೌರತ್ವ ಸಿಗುವ ದಾರಿ ಮಾಡಿಕೊಡಬೇಕಾ ಅಂತ ಕೇಳಿದಾಗ ಶೇ. 70 ಜನ ಹೂಂ ಅಂದರು. ಕೂಡಿಸಿ ನೋಡಿ, 117! ಅಂದರೆ ನೂರರಲ್ಲಿ ಕನಿಷ್ಠ 17 ಜನ ಎರಡಕ್ಕೂ ಒಪ್ಪಿದ್ದಾರೆ. ಅವರೇನು ದಡ್ಡರಲ್ಲ. ಎರಡರಲ್ಲಿ ಒಂದನ್ನು ಆರಿಸಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲ ಪ್ರಶ್ನೆ ಕೇಳಿದಾಗ "ಕಾನೂನು ಅಂದಮೇಲೆ ಕಾನೂನು" ಅನ್ನಿಸುತ್ತದೆ, ಎರಡನೆಯದು ಕೇಳಿದಾಗ ಇಪ್ಪತ್ತು ವರ್ಷದಿಂದ ದುಡಿದು ಮಕ್ಕಳನ್ನು ಓದಿಸುತ್ತಿರುವ ಯಾರದೋ ಮುಖ ಕಣ್ಣ ಮುಂದೆ ಬರುತ್ತದೆ. ನಾನೂ ಫಲಿತಾಂಶ ನೋಡುವ ಮೊದಲು ಸುಮ್ನೆ ಒಂದು ಚೀಟಿಯಲ್ಲಿ ನನ್ನ ಉತ್ತರ ಬರೆದುಕೊಂಡೆ. ಎರಡಕ್ಕೂ ಹೂಂ ಅಂತಲೇ ಬಂತು. ನೀವೂ ಒಮ್ಮೆ ಮಾಡಿ ನೋಡಿ.

ಹಾಗಾಗಿ ಮೊದಲ ಕೆಲಸ, ಪ್ರಶ್ನೆಯನ್ನು ಪದಕ್ಕೆ ಪದ ಹುಡುಕುವುದು. ಗ್ಯಾಲಪ್, ಪ್ಯೂ ತರಹದ ಸಂಸ್ಥೆಗಳು ಪೂರ್ತಿ ಪ್ರಶ್ನಾವಳಿಯನ್ನು ವರದಿಯ ಜೊತೆಗೇ ಹಾಕಿರುತ್ತವೆ. ಸಾಮಾನ್ಯವಾಗಿ ಪುಟದ ಕೊನೆಯಲ್ಲಿ ಒಂದು ಪಿಡಿಎಫ್ ಲಿಂಕ್ ಇರುತ್ತದೆ. ಪ್ರಶ್ನೆಯೇ ಸಿಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ, ಅದನ್ನಿಟ್ಟುಕೊಂಡು ವಾದ ಮಾಡಬೇಡಿ.

ಪ್ರಶ್ನೆ ಸಿಕ್ಕಿತು ಅಂದುಕೊಳ್ಳಿ. ಈಗ ಉತ್ತರಕ್ಕೆ ಎಷ್ಟು ಆಯ್ಕೆ ಕೊಟ್ಟಿದ್ದರು ಅಂತ ಎಣಿಸಿ. ಹೌದು, ಇಲ್ಲ ಅಷ್ಟೇ ಇದ್ದರೆ ನಡುವೆ ಇರುವವರು ಯಾವುದಾದರೂ ಒಂದು ಕಡೆ ವಾಲಲೇಬೇಕಾಗುತ್ತದೆ. ಪ್ಯೂ 2025ರ ಆರಂಭದಲ್ಲಿ ಮೂರು ಆಯ್ಕೆ ಕೊಟ್ಟು ಕೇಳಿತು. ಎಲ್ಲರನ್ನೂ ಗಡೀಪಾರು ಮಾಡಬೇಕು ಅಂದವರು ಶೇ. 32, ಕೆಲವರನ್ನು ಮಾತ್ರ ಅಂದವರು ಶೇ. 51, ಯಾರನ್ನೂ ಬೇಡ ಅಂದವರು ಶೇ. 16. ಇದರಿಂದ "ಶೇ. 83 ಜನರಿಗೆ ಗಡೀಪಾರು ಬೇಕು" ಅಂತಲೂ ಬರೆಯಬಹುದು, "ಎಲ್ಲರನ್ನೂ ಕಳಿಸುವುದು ಶೇ. 67 ಜನರಿಗೆ ಬೇಡ" ಅಂತಲೂ ಬರೆಯಬಹುದು. ಎರಡರಲ್ಲೂ ಒಂದಕ್ಷರ ಸುಳ್ಳಿಲ್ಲ, ನೋಡಿ.

ನಿಜವಾದ ವಿಷಯ ಇರುವುದು ಆ ನಡುವಿನ ಶೇ. 51ರಲ್ಲಿ. "ಕೆಲವರು" ಅಂದರೆ ಯಾರು ಅಂತ ಅವರನ್ನು ಮತ್ತೆ ಕೇಳಿದಾಗ, ಹಿಂಸೆಯ ಅಪರಾಧ ಮಾಡಿದವರನ್ನು ಕಳಿಸಿ ಅಂತ ಶೇ. 97 ಜನ ಹೇಳಿದರು. ಕೆಲಸದಲ್ಲಿರುವವರನ್ನು ಕಳಿಸಿ ಅಂದವರು ಶೇ. 15 ಮಾತ್ರ. ಅಮೆರಿಕದ ಪ್ರಜೆಯನ್ನು ಮದುವೆಯಾದವರ ವಿಷಯಕ್ಕೆ ಬಂದರೆ ಶೇ. 5ಕ್ಕೆ ಇಳಿಯಿತು. ಜಾಗದ ವಿಷಯದಲ್ಲೂ ಹೀಗೇ. ಚರ್ಚ್, ಶಾಲೆ, ಆಸ್ಪತ್ರೆಗಳಲ್ಲಿ ಬಂಧಿಸಬಾರದು ಅಂತ ಶೇ. 60ಕ್ಕಿಂತ ಜಾಸ್ತಿ ಜನ ಹೇಳಿದರು. ಕಾನೂನು ಜಾರಿ ಬೇಕಾ ಅಂತ ಮೊಟಕಾಗಿ ಕೇಳಿದರೆ ಇದ್ಯಾವುದೂ ಹೊರಗೆ ಬರುವುದಿಲ್ಲ. ಯಾರ ಮೇಲೆ, ಎಲ್ಲಿ, ಹೇಗೆ ಅಂತ ಕೇಳಿದಾಗಲೇ ಅಭಿಪ್ರಾಯ ಬಿಚ್ಚಿಕೊಳ್ಳುವುದು. ಅದಕ್ಕೇ ಉಪಪ್ರಶ್ನೆಗಳ ಟೇಬಲ್ ಸಿಕ್ಕರೆ ಮೊದಲು ಅದನ್ನೇ ಓದಿ.

ಮುಂದೆ, ತಾರೀಕು ನೋಡಿ. ಹಳೆಯ ಗ್ರಾಫ್ ಹೊಸದರಂತೆ ಓಡಾಡುವುದು ಈ ವಿಷಯದಲ್ಲಿ ಬಹಳ ಜಾಸ್ತಿ. ಒಟ್ಟು ವಲಸೆ ಕಡಿಮೆಯಾಗಬೇಕಾ ಅಂತ ಗ್ಯಾಲಪ್ 1965ರಿಂದ ಕೇಳುತ್ತಾ ಬಂದಿದೆ. (ಇದು ಅಕ್ರಮ ವಲಸೆಯೊಂದರ ಪ್ರಶ್ನೆ ಅಲ್ಲ, ಸುದ್ದಿಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.) ಕಡಿಮೆಯಾಗಲಿ ಅಂದವರು 2020ರಲ್ಲಿ ಶೇ. 28 ಇದ್ದರು. 2024ರಲ್ಲಿ ಅದು ಶೇ. 55ಕ್ಕೆ ಏರಿತು. ಮರುವರ್ಷವೇ ಶೇ. 30ಕ್ಕೆ ಇಳಿಯಿತು. ರಿಪಬ್ಲಿಕನ್ ಬೆಂಬಲಿಗರಲ್ಲೇ ಒಂದು ವರ್ಷದಲ್ಲಿ 88 ಇದ್ದದ್ದು 48 ಆಯಿತು. ಟ್ರಂಪ್ ಬಿಗಿ ಮಾಡಿದಾಗ ಜನ ಸ್ವಲ್ಪ ಸಡಿಲ ಬೇಕು ಅಂತಾರೆ, ಬೈಡನ್ ಕಾಲದಲ್ಲಿ ಗಡಿಯಲ್ಲಿ ಜನ ಜಾಸ್ತಿಯಾದಾಗ ಬಿಗಿ ಬೇಕು ಅಂತಾರೆ. ಸಂಶೋಧಕರು ಇದನ್ನು ಥರ್ಮೋಸ್ಟಾಟ್‌ಗೆ, ಅಂದರೆ ಕೋಣೆಯ ಬಿಸಿ-ತಂಪು ಹದದಲ್ಲಿಡುವ ಸಾಧನಕ್ಕೆ ಹೋಲಿಸುತ್ತಾರೆ. ಸೆಕೆ ಆದರೆ ತಣ್ಣಗೆ ಮಾಡು, ಚಳಿ ಆದರೆ ಬೆಚ್ಚಗೆ ಮಾಡು ಅನ್ನುವ ಹಾಗೆ. ಹೋಲಿಕೆ ನನಗಂತೂ ಸರಿ ಅನ್ನಿಸುತ್ತದೆ. ಒಂದೇ ವರ್ಷದ ಅಂಕಿ ಹಿಡಿದು "ಜನ ಬದಲಾಗಿದ್ದಾರೆ" ಅನ್ನುವವರನ್ನು ಮಾತ್ರ ನಂಬಬೇಡಿ.

ಪದಗಳ ವಿಷಯ ಒಂದಿಷ್ಟು. "ಅಕ್ರಮ ವಲಸಿಗರು" ಅಂತ ಕೇಳುವುದು ಬೇರೆ, "ದಾಖಲೆ ಇಲ್ಲದವರು" ಅಂತ ಕೇಳುವುದು ಬೇರೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರಲ್ಲಿ ಮೊದಲನೆಯದನ್ನು ಬಳಸುವುದು ನಿಲ್ಲಿಸಿತು. ಕೃತ್ಯ ಅಕ್ರಮ, ಮನುಷ್ಯ ಅಲ್ಲ ಅನ್ನುವುದು ಅವರ ನಿಲುವು. ನೀವು ಒಪ್ಪಿ, ಬಿಡಿ, ಪ್ರಶ್ನೆಯಲ್ಲಿ ಯಾವ ಪದ ಇತ್ತು ಅಂತ ಗುರುತು ಮಾಡಿಕೊಳ್ಳಿ. ಇನ್ನೊಂದು, ಅಕ್ರಮ ಅಂದ ಕೂಡಲೇ ನಮ್ಮ ತಲೆಯಲ್ಲಿ ಬರುವುದು ರಾತ್ರಿ ಬೇಲಿ ಹಾರುವ ಚಿತ್ರ, ಅಲ್ವಾ? ವೀಸಾ ತೆಗೆದುಕೊಂಡು ವಿಮಾನದಲ್ಲಿ ಬಂದು, ಅವಧಿ ಮುಗಿದ ಮೇಲೂ ಉಳಿದವರು ಕೂಡ ಇದೇ ಲೆಕ್ಕದಲ್ಲಿ ಇದ್ದಾರೆ. 2023ರಲ್ಲಿ ಬೇಲಿ ಹಾರಿದವರು, ವೀಸಾ ಮುಗಿದವರು ಎಲ್ಲ ಸೇರಿ ಅಮೆರಿಕದಲ್ಲಿ ಒಟ್ಟು 1.4 ಕೋಟಿ ಇದ್ದರು ಅನ್ನುವುದು ಪ್ಯೂ ಅಂದಾಜು. ಆಶ್ರಯಕ್ಕೆ ಅರ್ಜಿ ಹಾಕಿಯೋ ಬೇರೆ ರೀತಿಯಲ್ಲೋ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಪಡೆದವರೂ ಅದರಲ್ಲೇ ಸೇರಿದ್ದಾರೆ. ಉತ್ತರ ಕೊಡುವವರಿಗೆ ಇದೆಲ್ಲ ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ.

ಕೊನೆಗೆ ಎಷ್ಟು ಜನರನ್ನು ಕೇಳಿದರು ಅನ್ನುವುದು. ಸರಿಯಾಗಿ ಆರಿಸಿದ ಸಾವಿರ ಜನ ಸಾಕು, ಸುಮಾರು 3 ಅಂಕ ಆಚೆ ಈಚೆ ಆಗಬಹುದು ಅಷ್ಟೇ. ಆದರೆ ಆ ಸಾವಿರದೊಳಗೆ ಒಂದು ಗುಂಪಿನವರು 300 ಜನ ಇದ್ದರೆ ಅವರ ಅಂಕಿಯಲ್ಲಿ 6ರವರೆಗೆ ಏರುಪೇರು ಸಹಜ. ಅಂಥ ಗುಂಪಿನಲ್ಲಿ 4 ಅಂಕ ಏರಿದ್ದಕ್ಕೆ ದೊಡ್ಡ ಸುದ್ದಿ ಮಾಡಿದ್ದರೆ ಪುಟ ತಿರುವಿ. ಇನ್ನು ಟಿವಿ ಚಾನೆಲ್ಲೋ ಯಾವುದೋ ಖಾತೆಯೋ "ನಿಮ್ಮ ಮತ ಒತ್ತಿ" ಅಂತ ನಡೆಸುವ ಪೋಲ್‌ನಲ್ಲಿ ಎರಡು ಲಕ್ಷ ಜನ ಒತ್ತಿದ್ದರೂ ಲೆಕ್ಕಕ್ಕಿಲ್ಲ, ಯಾಕೆಂದರೆ ಅಲ್ಲಿ ಒತ್ತುವವರು ಆ ಚಾನೆಲ್ ನೋಡುವವರೇ.