ಎದೆಯ ಸ್ನಾಯು ಎಳೆಯುತ್ತದೆ, ತಳ್ಳುವುದಿಲ್ಲ: ಪುಷ್-ಅಪ್ ಸರಿಯಾಗಿ ಮಾಡುವುದು ಹೀಗೆ

ಬೆಳಿಗ್ಗೆ ಪಾರ್ಕಿಗೆ ಹೋದರೆ ದಿನಾ ಒಂದೇ ನೋಟ. ಹುಡುಗರು ಪಟಪಟ ಅಂತ 50 ಪುಷ್-ಅಪ್ ಎಣಿಸುತ್ತಿರುತ್ತಾರೆ. ಮೊಣಕೈಗಳು ರೆಕ್ಕೆಯ ಹಾಗೆ ಪಕ್ಕಕ್ಕೆ ಚಾಚಿರುತ್ತವೆ. ಸೊಂಟ ಜೋತು ಬಿದ್ದಿರುತ್ತದೆ. ಎದೆ ಅರ್ಧ ದಾರಿಯೂ ಇಳಿದಿರುವುದಿಲ್ಲ, ತಲೆ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಎದ್ದವರೇ ಭುಜ ತಿಕ್ಕಿಕೊಳ್ಳುತ್ತಾರೆ. ಎದೆಗೆ ಅಂತ ಮಾಡಿದ ಕಸರತ್ತಿನ ನೋವು ಭುಜಕ್ಕೆ ಯಾಕೆ ಬಂತು ಎಂದು ಕೇಳಿಕೊಳ್ಳುವವರು ಕಮ್ಮಿ.

ನಾನೂ ಹಾಸ್ಟೆಲಿನಲ್ಲಿದ್ದಾಗ ಹೀಗೇ ಮಾಡಿದ್ದೆ. ಎಡಭುಜ ಆರು ತಿಂಗಳು ಕಾಡಿತು. ಜಿಮ್‌ನಲ್ಲಿ ಹೇಳಿಕೊಡುತ್ತಿದ್ದವರು "ಭಾರ ಜಾಸ್ತಿ ಮಾಡು, ಹೋಗುತ್ತೆ" ಅಂದರು. ಹೋಗಲಿಲ್ಲ. ಎದೆಯ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಚಿತ್ರ ನೋಡಿ ತಿಳಿದ ಮೇಲೆ ಮೊಣಕೈ ಒಳಗೆ ಬಂತು, ನೋವೂ ಹೋಯಿತು. ಅದಕ್ಕೇ ಮೊದಲು ಸ್ನಾಯುವಿನ ಪರಿಚಯ ಮಾಡಿಕೊಳ್ಳೋಣ, ಆಮೇಲೆ ನೆಲಕ್ಕೆ ಇಳಿಯೋಣ.

ಹೆಜ್ಜೆ 1: ಕೈಯಿಂದ ಹುಡುಕಿ

ಬಲತೋಳನ್ನು ಮೈಯಿಂದ ಸ್ವಲ್ಪ ದೂರ ಎತ್ತಿ. ಎಡಗೈ ಹೆಬ್ಬೆರಳನ್ನು ಬಲಕಂಕುಳ ಒಳಗಿಟ್ಟು, ಉಳಿದ ಬೆರಳುಗಳಿಂದ ಕಂಕುಳ ಮುಂದಿನ ದಪ್ಪ ಮಡಿಕೆಯನ್ನು ಹಿಡಿಯಿರಿ. ಈಗ ಬಲಗೈಯನ್ನು ಸೊಂಟಕ್ಕೆ ಒತ್ತಿ. ಮಡಿಕೆ ಗಟ್ಟಿಯಾಯಿತು, ಅಲ್ವಾ? ಅದು ಪೆಕ್ಟೊರಾಲಿಸ್ ಮೇಜರ್ ಸ್ನಾಯುವಿನ ಹೊರ ಅಂಚು. ಎದೆಯ ಮುಂಭಾಗದ ದೊಡ್ಡ ಸ್ನಾಯು ಇದೇ.

ಇದು ಬೀಸಣಿಗೆಯ ಆಕಾರದಲ್ಲಿದೆ. ಮೇಲಿನ ಭಾಗ ಕಾಲರ್ ಮೂಳೆಯ ಒಳಗಿನ ಅರ್ಧದಿಂದ ಹೊರಡುತ್ತದೆ. ಕೆಳಗಿನ ದೊಡ್ಡ ಭಾಗ ಎದೆಯ ನಡುವಿನ ಮೂಳೆಯಿಂದ ಮತ್ತು ಮೇಲಿನ ಆರು ಪಕ್ಕೆಲುಬುಗಳ ಮೃದ್ವಸ್ಥಿಯಿಂದ ಬರುತ್ತದೆ. ಎಳೆಗಳೆಲ್ಲ ಹೊರಗೆ ಹೋಗುತ್ತಾ ಒಟ್ಟಾಗಿ, ತೋಳಿನ ಮೂಳೆಯ ಮೇಲ್ಭಾಗದಲ್ಲಿ ಮುಂದುಗಡೆ ಅಂಟಿಕೊಳ್ಳುತ್ತವೆ. ಸೇರುವ ಮುಂಚೆ ಅವು ಬಟ್ಟೆ ಹಿಂಡುವಾಗ ಕೊಡುವ ಹಾಗೆ ಅರ್ಧ ತಿರುವು ತೆಗೆದುಕೊಳ್ಳುತ್ತವೆ. ಎದೆಯ ತೀರಾ ಕೆಳಗಿನಿಂದ ಬಂದ ಎಳೆ ಹಿಂದಿನಿಂದ ಸುತ್ತಿ ತೋಳಿನಲ್ಲಿ ಮೇಲೆ ಕೂರುತ್ತದೆ. ಕಾಲರ್ ಮೂಳೆಯಿಂದ ಬಂದದ್ದು ಕೆಳಗೆ ಕೂರುತ್ತದೆ. ಕೈಯನ್ನು ತಲೆಯ ಮೇಲೆ ಎತ್ತಿದಾಗ ಈ ತಿರುವು ಬಿಚ್ಚಿಕೊಳ್ಳುತ್ತದೆ.

ಎರಡು ಭಾಗದ ಕೆಲಸ ಬೇರೆ ಬೇರೆ ಎಂಬುದನ್ನು ಮೇಜಿನ ಮುಂದೆ ಕೂತು ನೋಡಿಕೊಳ್ಳಬಹುದು. ಎಡಗೈಯನ್ನು ಬಲ ಎದೆಯ ಮೇಲಿಡಿ. ಬಲಗೈಯಿಂದ ಮೇಜನ್ನು ಕೆಳಗಿನಿಂದ ಎತ್ತುವ ಹಾಗೆ ಒತ್ತಿದರೆ ಕಾಲರ್ ಮೂಳೆಯ ಕೆಳಗೆ ಗಟ್ಟಿಯಾಗುತ್ತದೆ. ಕೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿದರೆ ಕೆಳಗಿನ ಭಾಗ ಗಟ್ಟಿಯಾಗುತ್ತದೆ.

ಈಗ ಮುಖ್ಯ ಮಾತು. ಯಾವ ಸ್ನಾಯುವಿಗೂ ತಳ್ಳಲು ಬರುವುದಿಲ್ಲ. ಅದು ಚಿಕ್ಕದಾಗಿ ಎಳೆಯುತ್ತದೆ, ಅಷ್ಟೇ. ಎದೆಯ ಸ್ನಾಯು ತೋಳನ್ನು ಎದೆಮೂಳೆಯ ಕಡೆಗೆ ಎಳೆಯುತ್ತದೆ, ಒಳಕ್ಕೂ ತಿರುಗಿಸುತ್ತದೆ. ಮಗುವನ್ನು ಎದೆಗೆ ಅಪ್ಪಿಕೊಳ್ಳುವಾಗ, ಅಕ್ಕಿ ಮೂಟೆಯನ್ನು ಎರಡೂ ತೋಳಿನಿಂದ ಅವಚಿ ಎತ್ತುವಾಗ ಆಗುವುದು ಇದೇ. ಪುಷ್-ಅಪ್‌ನಲ್ಲಿ ನೆಲವನ್ನು ತಳ್ಳಿದಂತೆ ಕಾಣುತ್ತದೆ. ಒಳಗೆ ನಡೆಯುವುದು ಎದೆ ತೋಳನ್ನು ಎಳೆಯುವುದು, ತೋಳಿನ ಹಿಂಬದಿಯ ಟ್ರೈಸೆಪ್ಸ್ ಮೊಣಕೈಯನ್ನು ನೇರ ಮಾಡುವುದು.

ಇದರ ಅಡಿಯಲ್ಲಿ ಪೆಕ್ಟೊರಾಲಿಸ್ ಮೈನರ್ ಇದೆ. 3, 4, 5ನೇ ಪಕ್ಕೆಲುಬಿನಿಂದ ಹೊರಟು ಭುಜದ ಹಲಗೆ ಮೂಳೆಯ ಮುಂದಿನ ಕೊಕ್ಕೆಗೆ ಸೇರುವ ಸಣ್ಣ ಸ್ನಾಯು. ಹಲಗೆ ಮೂಳೆಯನ್ನು ಮುಂದಕ್ಕೆ, ಕೆಳಕ್ಕೆ ಎಳೆಯುವುದು ಇದರ ಕೆಲಸ. ಇನ್ನು ಪಕ್ಕೆಯ ಮೇಲೆ ಗರಗಸದ ಹಲ್ಲಿನ ಹಾಗೆ ಕಾಣುವುದು ಸೆರೇಟಸ್ ಆಂಟೀರಿಯರ್. ಮೇಲಿನ ಎಂಟೋ ಒಂಬತ್ತೋ ಪಕ್ಕೆಲುಬಿನಿಂದ ಹೊರಟು, ಹಲಗೆ ಮೂಳೆಯ ಅಡಿಯಲ್ಲಿ ಸಾಗಿ, ಬೆನ್ನುಮೂಳೆಯ ಕಡೆಗಿನ ಅಂಚಿಗೆ ಸೇರುತ್ತದೆ. ಹಲಗೆ ಮೂಳೆ ಪಕ್ಕೆಗೂಡಿಗೆ ಅಂಟಿ ನಿಲ್ಲುವುದಕ್ಕೆ ಇದು ಬೇಕೇ ಬೇಕು. ಇದರ ನರಕ್ಕೆ ಪೆಟ್ಟಾದವರು ಗೋಡೆ ತಳ್ಳಿದರೆ ಹಲಗೆ ಮೂಳೆ ರೆಕ್ಕೆಯಂತೆ ಹಿಂದಕ್ಕೆ ಎದ್ದು ನಿಲ್ಲುತ್ತದೆ.

ಪುಷ್-ಅಪ್ ಮಾಡಿದರೆ ಸ್ತನಕ್ಕೆ ಏನಾದರೂ ಆಗುತ್ತದಾ ಎಂದು ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಉತ್ತರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ನಾಯು ನಿಮಗೂ ಇದೇ. ಸ್ತನ ಅದರ ಮೇಲೆ ಕೂತಿದೆ. ಕಸರತ್ತು ಅಡಿಯ ಸ್ನಾಯುವನ್ನು ಗಟ್ಟಿ ಮಾಡುತ್ತದೆ. ಧೈರ್ಯವಾಗಿ ಮಾಡಿ.

ಹೆಜ್ಜೆ 2: ಎತ್ತರ ಆರಿಸಿ

ನೆಲದ ಮೇಲಿನ ಪುಷ್-ಅಪ್‌ನಲ್ಲಿ ಮೈಭಾರದ ಸುಮಾರು ಮೂರನೇ ಎರಡು ಪಾಲು ಕೈ ಮೇಲಿರುತ್ತದೆ. 60 ಕಿಲೋ ಇರುವವರು ಸುಮಾರು 40 ಕಿಲೋ ಹೊತ್ತ ಹಾಗೆ. ಕೆಳಗೆ ಇಳಿದಷ್ಟೂ ಇನ್ನೂ ಸ್ವಲ್ಪ ಏರುತ್ತದೆ. ಹೊಸಬರಿಗೆ ಇದು ಜಾಸ್ತಿ. ಮಂಡಿ ಊರಿ ಮಾಡಿ ಎಂದು ತುಂಬಾ ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ. ಮಂಡಿ ಊರಿದರೆ ಸೊಂಟ, ಹೊಟ್ಟೆ ಕೆಲಸವನ್ನೇ ಕಲಿಯುವುದಿಲ್ಲ. ಅದರ ಬದಲು ಕೈಯನ್ನು ಎತ್ತರದಲ್ಲಿಡಿ. ಮೊದಲು ಗೋಡೆ, ಆಮೇಲೆ ಅಡುಗೆಮನೆ ಕಟ್ಟೆ, ಆಮೇಲೆ ಮೆಟ್ಟಿಲು, ಕೊನೆಗೆ ನೆಲ. ಮನೆಯ ಮೆಟ್ಟಿಲಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ವಾರ ವಾರ ಒಂದೊಂದು ಮೆಟ್ಟಿಲು ಇಳಿಯಬಹುದು.

ಹೆಜ್ಜೆ 3: ಕೈ ಊರಿ

ಭುಜಕ್ಕಿಂತ ಸ್ವಲ್ಪ ಅಗಲ, ಎದೆಯ ಸಾಲಿಗೆ, ನಡುಬೆರಳು ಮುಂದಕ್ಕೆ. ಒರೆಸಿದ ಟೈಲ್ಸ್ ಮೇಲೆ ಬೇಡ, ಜಾರುತ್ತದೆ.

ಹೆಜ್ಜೆ 4: ಇಳಿಯಿರಿ

ಎಲ್ಲರೂ ಕೆಡಿಸುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ, ನೀವೂ ನಿಧಾನವಾಗಿ ಇಳಿಯಿರಿ.

ಇಳಿಯುವುದು ಎಂದರೆ ಬೀಳುವುದಲ್ಲ. ಬಾವಿಗೆ ಕೊಡ ಇಳಿಸುವುದನ್ನು ನೆನೆಸಿಕೊಳ್ಳಿ. ಹಗ್ಗ ಕೆಳಗೆ ಹೋಗುತ್ತಿದ್ದರೂ ಕೈ ಹಿಡಿದೇ ಇರುತ್ತದೆ. ಬಿಟ್ಟರೆ ಕೊಡ ಕಲ್ಲಿಗೆ ಬಡಿಯುತ್ತದೆ. ಎದೆಯ ಸ್ನಾಯು ಇಳಿಯುವಾಗ ಮಾಡುವುದೂ ಹಾಗೇ. ಭಾರ ಹಿಡಿದುಕೊಂಡೇ ಉದ್ದವಾಗುತ್ತದೆ. ಸ್ನಾಯು ಬಲಿಯುವ ಕೆಲಸದ ಒಂದು ಪಾಲು ಈ ಹಂತದಲ್ಲಿ ಆಗುತ್ತದೆ. ಧೊಪ್ಪನೆ ಬಿದ್ದರೆ ಆ ಪಾಲು ಕೈತಪ್ಪಿತು, ಪೆಟ್ಟು ಭುಜದ ಕೀಲಿಗೆ ಹೋಯಿತು. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚಿನ ಮೇಲೆ ಮಲಗಿ ಭಾರ ಎತ್ತುವ ಕಸರತ್ತಿನಲ್ಲಿ, ಭಾರದ ರಾಡ್ ಇಳಿಸುವಾಗಲೇ ಎದೆಯ ಸ್ನಾಯು ಹರಿಯುವುದು ಹೆಚ್ಚು. ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಯಿರಿ. ಉಸಿರು ಒಳಗೆ ಎಳೆಯಿರಿ.

ಮೊಣಕೈ ಎಲ್ಲಿರಬೇಕು? ಮೇಲಿನಿಂದ ನೋಡಿದರೆ ತಲೆ ಮತ್ತು ತೋಳುಗಳು ಸೇರಿ ಬಾಣದ ತುದಿಯಂತೆ ಕಾಣಬೇಕು, ಶಿಲುಬೆಯಂತಲ್ಲ. ತೋಳು ಮತ್ತು ಪಕ್ಕೆಯ ನಡುವೆ ಸುಮಾರು 45 ಡಿಗ್ರಿ ಸಾಕು. ತೋಳು ನೇರ ಪಕ್ಕಕ್ಕೆ ಚಾಚಿದರೆ, ತೋಳಿನ ಮೂಳೆಯ ತಲೆಗೂ ಮೇಲಿನ ಮೂಳೆಯ ಸೂರಿಗೂ ನಡುವಿನ ಜಾಗ ಇಕ್ಕಟ್ಟಾಗಬಹುದು. ಅಲ್ಲಿ ಓಡಾಡುವ ಸ್ನಾಯುರಜ್ಜುಗಳು ಉಜ್ಜಿಸಿಕೊಂಡು ನೋಯುತ್ತವೆ. ಪಾರ್ಕಿನ ಹುಡುಗರು ಭುಜ ತಿಕ್ಕಿಕೊಳ್ಳುವುದು ಇದಕ್ಕೇ. ಹಾಗಂತ ಮೊಣಕೈಯನ್ನು ಪಕ್ಕೆಗೆ ಅಂಟಿಸಲೂ ಬೇಡಿ. ಆಗ ಭಾರವೆಲ್ಲ ಟ್ರೈಸೆಪ್ಸ್‌ಗೆ ಹೋಗುತ್ತದೆ.

ಅಂಗೈ ನೆಲದಲ್ಲಿ ಕದಲದೇ ಇರಲಿ, ಆದರೆ ಎರಡೂ ಅಂಗೈಯನ್ನು ಒಂದರ ಕಡೆಗೆ ಒಂದು ಎಳೆದು ತರುವ ಹಾಗೆ ಒತ್ತಡ ಕೊಡಿ, ನೆಲದ ಮೇಲಿನ ಜಮಖಾನ ಮಧ್ಯಕ್ಕೆ ಮುದುರಬೇಕು ಎಂಬಂತೆ. ತಕ್ಷಣ ಎದೆ ಎಚ್ಚರವಾಗುತ್ತದೆ. ಎಳೆಗಳ ದಾರಿ ಈಗ ಗೊತ್ತಿರುವುದರಿಂದ ಕಾರಣವೂ ಗೊತ್ತು. ತೋಳನ್ನು ಎದೆಮೂಳೆಯ ಕಡೆಗೆ ತರುವುದೇ ಅದರ ಕೆಲಸ. "ನನಗೆ ಎದೆಯಲ್ಲಿ ಏನೂ ಗೊತ್ತಾಗಲ್ಲ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆಚ್ಚಿನವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ.

ಹಲಗೆ ಮೂಳೆಗಳನ್ನು ಬಿಗಿ ಹಿಡಿಯಬೇಡಿ. ಇಳಿಯುವಾಗ ಅವು ಬೆನ್ನಿನ ಮಧ್ಯಕ್ಕೆ ಹತ್ತಿರ ಬರಲಿ, ಏರುವಾಗ ದೂರ ಸರಿಯಲಿ. ಬೆಂಚಿನ ಮೇಲೆ ಮಲಗಿ ಭಾರ ಎತ್ತುವಾಗ ಅವು ಬೆಂಚಿಗೂ ಮೈಗೂ ನಡುವೆ ಸಿಕ್ಕಿಕೊಂಡಿರುತ್ತವೆ. ಪುಷ್-ಅಪ್‌ನಲ್ಲಿ ಬಿಡುವಾಗಿ ಓಡಾಡುತ್ತವೆ. ಸೆರೇಟಸ್‌ಗೆ ಕೆಲಸ ಸಿಗುವುದು ಇದರಿಂದ. ಮನೆಯಲ್ಲಿ ಪುಷ್-ಅಪ್ ಸಾಕು, ಬೆಂಚ್ ಬೇಡ ಎಂದು ನಾನು ಹೇಳುವುದೂ ಇದಕ್ಕೇ.

ಎಷ್ಟು ಇಳಿಯಬೇಕು? ಎದೆಯ ಕೆಳಗೆ ಟವೆಲ್ ಮಡಚಿಡಿ. ಎದೆ ಅದನ್ನು ಮುಟ್ಟಬೇಕು. ಮೂಗು ಮೊದಲು ಮುಟ್ಟಿದರೆ ಕುತ್ತಿಗೆ ಬಗ್ಗಿಸಿದ್ದೀರಿ, ಹೊಟ್ಟೆ ಮೊದಲು ಮುಟ್ಟಿದರೆ ಸೊಂಟ ಬಿಟ್ಟಿದ್ದೀರಿ. ಪೃಷ್ಠ ಬಿಗಿ ಮಾಡಿಕೊಂಡರೆ ಸೊಂಟ ತಾನಾಗಿ ನಿಲ್ಲುತ್ತದೆ. ಸರಿಯಾದ ಎಂಟು ಪುಷ್-ಅಪ್, ಕೆಟ್ಟ ಐವತ್ತಕ್ಕಿಂತ ಕಷ್ಟ. ಮಾಡಿದ ಮೇಲೆ ನಿಮಗೇ ಗೊತ್ತಾಗುತ್ತದೆ.

ಹೆಜ್ಜೆ 5: ಏರಿ

ಉಸಿರು ಬಿಡುತ್ತಾ ಮೇಲೆ ಬನ್ನಿ. ಕೈ ನೇರವಾದ ಮೇಲೆ ಇನ್ನೂ ಒಂದಿಂಚು ನೆಲವನ್ನು ಒತ್ತಿ, ಹಲಗೆ ಮೂಳೆಗಳು ಅಗಲವಾಗಲಿ.

ಇಲ್ಲಿ ಕೊಳ್ಳುವ ವಿಷಯ ಒಂದೆರಡು ಮಾತು. ಬಣ್ಣ ಬಣ್ಣದ ತೂತಿರುವ ಪುಷ್-ಅಪ್ ಬೋರ್ಡ್‌ಗಳು ಬಂದಿವೆ. ಕೆಂಪು ತೂತಿಗೆ ಒಂದು ಭಾಗ, ನೀಲಿ ತೂತಿಗೆ ಇನ್ನೊಂದು ಭಾಗ ಅಂತ. ದುಡ್ಡು ಹಾಕಬೇಡಿ. ನಾನು ತಂದದ್ದರ ಪ್ಲಾಸ್ಟಿಕ್ ಹಿಡಿ ಎರಡನೇ ತಿಂಗಳಿಗೆ ಬಿರುಕು ಬಿಟ್ಟಿತು. ಎದೆಗೆ ಕಟ್ಟಿಕೊಂಡರೆ ನಡುಗುವ ಬೆಲ್ಟ್ ಕೂಡ ಬೇಡ. ಎದೆಯ "ಒಳಭಾಗ" ಮಾತ್ರ ಬೆಳೆಸುವ ಕಸರತ್ತು ಎಂದು ಯಾರಾದರೂ ಹೇಳಿದರೆ ಎಳೆಗಳನ್ನು ನೆನಪು ಮಾಡಿಕೊಳ್ಳಿ. ಅವು ಎದೆಮೂಳೆಯಿಂದ ತೋಳಿನ ಕಡೆಗೆ ಅಡ್ಡ ಹೋಗುತ್ತವೆ. ಒಳ ತುದಿಯನ್ನು ಮಾತ್ರ ದುಡಿಸಲು ಆಗುವುದಿಲ್ಲ. ಮೇಲಿನ ಭಾಗ, ಕೆಳಗಿನ ಭಾಗ ಎಂಬ ವ್ಯತ್ಯಾಸ ಮಾತ್ರ ನಿಜ. ಕಾಲನ್ನು ಮೆಟ್ಟಿಲ ಮೇಲಿಟ್ಟು ಕೈ ನೆಲಕ್ಕೆ ಊರಿದರೆ ಮೇಲಿನ ಭಾಗಕ್ಕೆ ಕೆಲಸ ಜಾಸ್ತಿ.

ಇನ್ನು ದಂಡ. ಮೈಸೂರಿನ ಗರಡಿಗಳಲ್ಲಿ ಇಂದಿಗೂ ದಂಡ, ಬಸ್ಕಿ ಹೊಡೆದೇ ಮೈ ಕಟ್ಟುತ್ತಾರೆ. ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರ ಎದೆ, ಭುಜ ನೋಡಿದರೆ ಸಾಕು. ದಂಡದಲ್ಲಿ ಸೊಂಟ ಮೇಲೆತ್ತಿ ಶುರು ಮಾಡುತ್ತಾರೆ. ಆಗ ತೋಳು ತಲೆಯ ಆಚೆಗೆ ಚಾಚಿರುತ್ತದೆ, ಎಳೆಗಳ ತಿರುವು ಬಿಚ್ಚಿ ಪೂರ್ತಿ ಹಿಗ್ಗುತ್ತದೆ. ಅಲ್ಲಿಂದ ಎದೆ ನೆಲ ಸವರಿಕೊಂಡು ಮುಂದೆ ಹೋಗಿ ಮೇಲೇಳುತ್ತದೆ. ನನಗೆ ಪುಷ್-ಅಪ್‌ಗಿಂತ ದಂಡವೇ ಇಷ್ಟ. ಆದರೂ ನೆಲದ ಮೇಲೆ 15 ಸರಿಯಾದ ಪುಷ್-ಅಪ್ ಬರುವ ತನಕ ಶುರು ಮಾಡಬೇಡಿ. ಭುಜ ಇನ್ನೂ ತಯಾರಾಗಿರುವುದಿಲ್ಲ.

ಹೆಜ್ಜೆ 6: ಬಿಚ್ಚಿ

ದಿನವಿಡೀ ಮೊಬೈಲ್, ಕಂಪ್ಯೂಟರ್ ಮುಂದೆ ಭುಜ ಮುದುಡಿ ಕೂತವರಿಗೆ ಪೆಕ್ಟೊರಾಲಿಸ್ ಮೈನರ್ ಬಿಗಿದಿರುತ್ತದೆ. ಬಾಗಿಲ ಚೌಕಟ್ಟಿಗೆ ಮುಂಗೈ ಊರಿ, ಒಂದು ಹೆಜ್ಜೆ ಮುಂದಿಟ್ಟು, 30 ಸೆಕೆಂಡ್ ನಿಲ್ಲಿ. ಎರಡೂ ಕಡೆ.

ಪುಷ್-ಅಪ್ ಮೂರು ಸುತ್ತು, ಒಂದೊಂದು ಸುತ್ತಿನಲ್ಲಿ ಎಂಟು, ದಿನ ಬಿಟ್ಟು ದಿನ. ಮಾರನೇ ದಿನ ಎದೆ ಮುಟ್ಟಿದರೆ, ಕೈ ಆಡಿಸಿದರೆ ನೋಯುವುದು ಸಹಜ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಎದೆ ಹಿಂಡಿದಂತೆ ಭಾರ, ದವಡೆಗೋ ಎಡಗೈಗೋ ಹಬ್ಬುವ ನೋವು, ತಣ್ಣನೆ ಬೆವರು, ಉಸಿರಾಟದ ಕಷ್ಟ ಬಂದರೆ "ಸ್ನಾಯು ಹಿಡಿದಿದೆ" ಎಂದು ಸುಮ್ನೆ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ವಯಸ್ಸು 25 ಆದರೂ ಸರಿಯೇ.

ಟವೆಲ್ ಮುಟ್ಟುತ್ತಾ, ಮೂರು ಎಣಿಕೆಯಲ್ಲಿ ಇಳಿಯುತ್ತಾ, ಮೂರೂ ಸುತ್ತಿನಲ್ಲಿ ಎಂಟು ಮುಗಿಸಿದ ದಿನ ಒಂದು ಮೆಟ್ಟಿಲು ಕೆಳಗಿಳಿಯಿರಿ.