ಒಣಗಿಸಿ, ಬಡಿದು, ಆಮೇಲೆ ಸಾಗಿಸಿ: ಕಾವೇರಿ ದಡದ ನೆರೆ ಕಸದೊಂದಿಗೆ ನನ್ನ ಅನುಭವ

2018ರ ಆಗಸ್ಟ್ ನೆರೆ ಇಳಿದ ಮೇಲೆ ಕೊಡಗಿನ ಕುಶಾಲನಗರದ ಬಡಾವಣೆಗಳ ಹಿಂದಿನ ದಡದಲ್ಲಿ, ದಡ ಸ್ವಚ್ಛಗೊಳಿಸುವ ನಮ್ಮ ತಂಡದವರೂ ಎಲ್ಲರಂತೆ ಸಿಕ್ಕಿದ ಕಸವನ್ನೆಲ್ಲ ಗೋಣಿಗೆ ತುಂಬಿ ಟ್ರ್ಯಾಕ್ಟರಿಗೆ ಹೇರಿದೆವು. ಲೋಡಿಗೆ 1,500 ರೂಪಾಯಿಯ ಆಸುಪಾಸು ಬಾಡಿಗೆ ತೆತ್ತು ಒಯ್ದದ್ದನ್ನು ಗುಜರಿಯವನು ಬಿಚ್ಚಿ ನೋಡಿ, ಮುಕ್ಕಾಲು ಪಾಲು ಮಣ್ಣೇ ಇದೆ ಎಂದು ಹಿಂದಕ್ಕೆ ಕಳುಹಿಸಿದ. ಚಂದಾ ಎತ್ತಿದ ಸುಮಾರು 40,000 ರೂಪಾಯಿ ಕೆಸರನ್ನು ಹೊತ್ತು ತಿರುಗಿಸುವುದರಲ್ಲೇ ಕರಗಿತು.

2019ರ ಆಗಸ್ಟ್‌ನಲ್ಲಿ ಸಿದ್ದಾಪುರದ ಕರಡಿಗೋಡು ಮುಳುಗಿದಾಗ, ಕಸವನ್ನು ನೆರೆ ಮುಟ್ಟದ ಎತ್ತರಕ್ಕಷ್ಟೇ ಏರಿಸಿ, ಕಾಫಿ ಒಣಹಾಕುವ ಕಣದಲ್ಲಿ ಒಣಗಿಸಿ, ಬಡಿದು, ಆಮೇಲೆ ಸಾಗಿಸೋಣ ಎಂದೆ. ಜೊತೆಯವರೇ ನಕ್ಕರು. ರೋಬಸ್ಟಾ ಕಾಫಿಯ ಕೊಯ್ಲು ಮೊದಲಾಗುವುದು ಡಿಸೆಂಬರ್ ಕೊನೆಗೆ. ಅಲ್ಲಿಯವರೆಗೆ ಖಾಲಿ ಬಿದ್ದಿರುವ ಕಣವೊಂದನ್ನು, ತೊಳೆದು ಒಪ್ಪಿಸುವ ಕರಾರಿನ ಮೇಲೆ, ಬೆಳೆಗಾರರೊಬ್ಬರು ಕೊಟ್ಟರು. ಬಿದಿರ ಮೆಳೆಗೆ ಸುತ್ತಿಕೊಂಡ ಕವರುಗಳನ್ನು ದೋಟಿಯಿಂದ ಎಳೆದು ಬೇಲಿಯ ತಂತಿಗೆ ನೇತುಹಾಕಿದೆವು. ಬಾಟಲಿಗಳನ್ನು ಮುಚ್ಚಳ ಬಿಚ್ಚಿ ಕವುಚಿಟ್ಟೆವು. ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟ ವಾರದಲ್ಲಿ ಬಡಿದಾಗ ತೂಕ ಮೂರನೆಯ ಒಂದು ಪಾಲಿಗೆ ಇಳಿಯಿತು. ಬಹಳ ದಿನ ಬಿಸಿಲಿಗೆ ಬಿಟ್ಟರೆ ಕವರು ಚೂರಾಗುತ್ತದೆ, ಹಸಿಯಿದ್ದರೆ ಮಣ್ಣು ಬಿಡುವುದಿಲ್ಲ. ಆ ಹದ ಗುರುತಿಸುವ ಬಗೆಯನ್ನು ಕಣಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಬಾಟಲಿಗೆ ಕಿಲೋಗೆ 12 ರೂಪಾಯಿಯಷ್ಟು ಸಿಕ್ಕಿತು. ಚಿಪ್ಸ್, ಗುಟ್ಕಾ ಪೊಟ್ಟಣಗಳನ್ನು ಸಿಮೆಂಟ್ ಕುಲುಮೆಗೆ ಉರುವಲಾಗಿ ಕಳುಹಿಸುವವರು ಒಣಗಿದೆ ಎಂಬ ಒಂದೇ ಕಾರಣಕ್ಕೆ ಒಯ್ದರು, ಸಾಗಣೆ ಖರ್ಚು ಮಾತ್ರ ನಮ್ಮದೇ. ಲೆಕ್ಕ ಹಾಕಿದಾಗ ಕೈಯಿಂದ ಹೋದದ್ದು ಏಳೆಂಟು ಸಾವಿರ. ನಕ್ಕವರಲ್ಲಿ ಇಬ್ಬರು ಮುಂದಿನ ಮಳೆಗಾಲಕ್ಕೆ ಮೊದಲೇ ಕಣ ಹುಡುಕಿಕೊಂಡರು.

ನಡುವೆ, ತೇಲಿಬರುವ ಕಸ ತಡೆಯಲು ಖಾಲಿ ಬಾಟಲಿಗಳನ್ನು ಹಸಿರು ಶೇಡ್‌ನೆಟ್ಟಿನ (ನೆರಳು ಬಲೆಯ) ಕೊಳವೆಯಲ್ಲಿ ತುಂಬಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ತೇಲಿಬಿಟ್ಟೆ. ಥರ್ಮಕೋಲು, ಚಪ್ಪಲಿ, ಬಾಟಲಿ ಚೆನ್ನಾಗಿ ನಿಂತವು. ಮಣ್ಣು ಹಿಡಿದ ಕವರುಗಳು ಮಾತ್ರ ಅಡಿಯಿಂದಲೇ ನುಸುಳಿದವು. ಹಗ್ಗವನ್ನು ಎರಡೂ ದಡಕ್ಕೆ ಬಿಗಿಯಾಗಿ ಕಟ್ಟಿದ ಮೊದಲ ಸಲ ತೇಲಿಬಂದ ದಿಮ್ಮಿಯೊಂದು ಎಲ್ಲವನ್ನೂ ಕಿತ್ತೊಯ್ದಿತು. ಈಗ ಒಂದು ತುದಿಯನ್ನು ಸಡಿಲ ಬಿಟ್ಟು ಓರೆಯಾಗಿ ಕಟ್ಟುತ್ತೇನೆ, ಕಸ ತಾನಾಗಿ ದಡಕ್ಕೆ ಸರಿಯುತ್ತದೆ.

ಬಟ್ಟೆಗೆ ಈ ಉಪಾಯ ಹಿಡಿಯಲಿಲ್ಲ. ಪರಿಹಾರದ ಹೆಸರಿನಲ್ಲಿ ಲಾರಿಗಟ್ಟಲೆ ಬಂದು, ಯಾರೂ ಉಡದೆ ಬಿದ್ದ ಹಳೆಯ ಬಟ್ಟೆ ಕೆಸರು ಕುಡಿದರೆ ಎಷ್ಟು ಬಡಿದರೂ ಮಣ್ಣು ಬಿಡದು, ಗುಜರಿಯವನೂ ಮುಟ್ಟನು. ಆದ್ದರಿಂದ ನಮ್ಮ ತಂಡದ ಚಂದಾ ಚೀಟಿಯಲ್ಲಿ ಈಗ ಮೊದಲ ಸಾಲಿನಲ್ಲೇ ಬರೆದಿರುತ್ತೇವೆ: ಉಟ್ಟ ಬಟ್ಟೆ ಕಳುಹಿಸಬೇಡಿ, ಗೋಣಿಚೀಲ ಮತ್ತು ಗಂಬೂಟು ಕಳುಹಿಸಿ.